ಮೊದಲ ಡಿಸ್ಕ್: ಡೆಸ್ಟ್ರಾಯರ್ ಬೇಕಾ, ಲೆಪರ್ಡ್ ಸಾಕಾ?

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕ್ ಎಸೆದು ಬುಟ್ಟಿಗೆ ಹಾಕುವ ಆಟ; ಡೆಸ್ಟ್ರಾಯರ್, ಲೆಪರ್ಡ್ ಅದರ ಎರಡು ಡಿಸ್ಕ್‌ಗಳ ಹೆಸರು. ಪುಣೆಯ ಕೊಥ್ರೂಡ್‌ನ ಮೈದಾನದಲ್ಲಿ ನಮ್ಮ ಹುಬ್ಬಳ್ಳಿ ಗೆಳೆಯ ಮೊದಲ ದಿನವೇ ಡೆಸ್ಟ್ರಾಯರ್ ಎಸೆದ. ಡಿಸ್ಕ್ ಸ್ವಲ್ಪ ದೂರ ಹೋಗಿ, ಎಡಕ್ಕೆ ಹೊರಳಿ, ಬೇಲಿ ಬುಡಕ್ಕೆ ಬಿತ್ತು. ಡಿಸ್ಕ್ ಮೇಲಿನ ನಂಬರ್ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಇನ್ನೋವಾ ಕಂಪನಿಯ ಡಿಸ್ಕ್‌ಗಳಿಗೆ ನಾಲ್ಕು ನಂಬರ್: ವೇಗ, ಗ್ಲೈಡ್ (ಗಾಳಿಯಲ್ಲಿ ತೇಲುವುದು), ಟರ್ನ್ (ಶುರುವಿನಲ್ಲಿ ಒಂದು ಬದಿಗೆ ಹೊರಳುವುದು), ಫೇಡ್ (ಕೊನೆಯಲ್ಲಿ ಎದುರು ಬದಿಗೆ ಹೊರಳುವುದು). ಡೆಸ್ಟ್ರಾಯರ್‌ಗೆ 12, 5, -1, 3. ಲೆಪರ್ಡ್‌ಗೆ 6, 5, -2, 1. ಗ್ಲೈಡ್ ಎರಡಕ್ಕೂ ಒಂದೇ, ಅಲ್ವಾ? ಆಟ ಕೆಡಿಸುವುದು ವೇಗದ ಆ 12. ಅಷ್ಟು ಜೋರಾಗಿ ಎಸೆಯುವ ತೋಳಿದ್ದರೆ ಮಾತ್ರ ಅದು ನೆಟ್ಟಗೆ ಹಾರುತ್ತದೆ. ಇಲ್ಲದಿದ್ದರೆ ಟರ್ನ್ ಕೆಲಸವೇ ಮಾಡುವುದಿಲ್ಲ, ಬರೀ ಫೇಡ್ ಉಳಿಯುತ್ತದೆ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ (ಕೈಯನ್ನು ಮೈಗೆ ಅಡ್ಡವಾಗಿ ತಂದು ಎಸೆಯುವುದು) ಫೇಡ್ ಅಂದರೆ ಎಡಕ್ಕೆ. ಡೆಸ್ಟ್ರಾಯರ್‌ನ ಅಂಚೂ ಅಗಲ, ಚಿಕ್ಕ ಕೈಗೆ ಹಿಡಿತ ಸಿಗುವುದಿಲ್ಲ.

ಏವಿಯರ್ ಎಂಬ ಪಟರ್, ಅಂದರೆ ಹತ್ತಿರದಿಂದ ಎಸೆಯುವ ಡಿಸ್ಕ್ (2, 3, 0, 1), ಸುಮ್ನೆ ಬುಟ್ಟಿಗೆ ಹಾಕಲು ಮಾತ್ರ ಅಂದುಕೊಳ್ಳಬೇಡಿ. ಕೈ ಸೊಟ್ಟಗೆ ಬಿಟ್ಟರೆ ಅದು ಅಲ್ಲಾಡಿ ಅಲ್ಲೇ ಹೇಳಿಬಿಡುತ್ತದೆ. ನಾನಾದರೆ ಮೊದಲು ಇದನ್ನು ಕೊಳ್ಳುತ್ತೇನೆ, ಆಮೇಲೆ 150 ಗ್ರಾಂ ಆಸುಪಾಸಿನ ಲೆಪರ್ಡ್.

ಹಗುರ ಲೆಪರ್ಡ್‌ಗೆ ಒಂದೇ ತೊಂದರೆ: ಎದುರುಗಾಳಿಯಲ್ಲಿ ಬಲಕ್ಕೆ ಮಗುಚುತ್ತದೆ. ಜೂನ್ ಗಾಳಿ ಜಾಸ್ತಿ ಇದ್ದರೆ ಏವಿಯರ್ ಹಿಡಿದು ತಗ್ಗಿನಲ್ಲಿ ಎಸೆಯಿರಿ.