ಹಾರ್ಡ್‌ವೇರ್ ಅಂಗಡಿಯ ಪಿಒಪಿ ಚೀಲ: ಊರಿನ ಶಿಲ್ಪಿಗೆ, ಡ್ರಾಯಿಂಗ್ ಮೇಷ್ಟ್ರಿಗೆ ಇದು ಸಾಕೇ?

ತಾಲ್ಲೂಕು ಕೇಂದ್ರದಲ್ಲಿ ಹಗಲು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ, ಸಂಜೆ ಶಿಲ್ಪಿಯಾಗಿ ದುಡಿಯುವವರು ಪ್ರತಿ ಸಲ ಬೆಂಗಳೂರಿನಿಂದ ಸಾಮಾನು ತರಿಸುವುದು ಆಗುವ ಮಾತಲ್ಲ. ಕೈಗೆ ಸಿಗುವುದು ಊರಿನ ಹಾರ್ಡ್‌ವೇರ್ ಅಂಗಡಿಯವರು ಗೋಡೆ, ಫಾಲ್ಸ್ ಸೀಲಿಂಗ್ ಕೆಲಸಕ್ಕೆಂದು ಇಟ್ಟಿರುವ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ), 20 ಅಥವಾ 25 ಕೆಜಿಯ ಚೀಲ. ಅಚ್ಚು ತೆಗೆಯಲು, ಎರಕ ಹೊಯ್ಯಲು, ಮಕ್ಕಳ ತರಗತಿಗೆ ಇದು ಧಾರಾಳವಾಗಿ ಸಾಕು. ಆದರೆ ಚೀಲ ಹೊಸದಾಗಿರಬೇಕು. ಎರಕ ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಕಂಪನಿಯನ್ನು. ಬಹುಪಾಲು ತಪ್ಪು ಇರುವುದು ಚೀಲದ ವಯಸ್ಸಿನಲ್ಲಿ, ಕಲಸುವ ಕೈಯಲ್ಲಿ.

ಅಂಗಡಿಯಲ್ಲಿ ಹೆಸರು ಸರಿಯಾಗಿ ಹೇಳಿ. ‘ಬಿಳಿ ಪುಡಿ’ ಎಂದು ಕೇಳಿದರೆ ವಾಲ್ ಪುಟ್ಟಿ ಕೊಟ್ಟುಬಿಡುತ್ತಾರೆ. ಅದರಲ್ಲಿರುವುದು ಬಿಳಿ ಸಿಮೆಂಟು, ಅಚ್ಚಿಗೆ ಬಾರದು. ‘ಜಿಪ್ಸಂ ಪ್ಲಾಸ್ಟರ್’ ಎಂಬ ರೆಡಿಮಿಕ್ಸ್ ಚೀಲವೂ ಬೇಡ. ಗೋಡೆಗೆ ಹಗುರವಾಗಲೆಂದು ಅದರಲ್ಲಿ ಪರ್ಲೈಟ್ ಎಂಬ ಹಗುರ ಕಲ್ಲಿನ ಕಾಳು ಸೇರಿಸಿರುತ್ತಾರೆ, ನಿಧಾನವಾಗಿ ಗಟ್ಟಿಯಾಗಲೆಂದು ಬೇರೆ ಮದ್ದನ್ನೂ ಹಾಕಿರುತ್ತಾರೆ. ಅದರಿಂದ ತೆಗೆದ ಮುಖದ ಕೆನ್ನೆಯ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ.

ಆಮೇಲೆ ಚೀಲದ ಮೇಲಿನ ತಾರೀಖು ನೋಡಿ. ಮೂರು ತಿಂಗಳು ದಾಟಿದ್ದರೆ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ ಗೋಡೌನಿನ ನೆಲದ ಮೇಲೆ ಬಿದ್ದಿದ್ದರೆ, ಮುಟ್ಟಬೇಡಿ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುರಿದು ಅದರೊಳಗಿನ ನೀರಿನ ಮುಕ್ಕಾಲು ಪಾಲು ಓಡಿಸಿದರೆ ಸಿಗುವ ಪುಡಿ ಇದು. ಕಳೆದುಕೊಂಡ ನೀರನ್ನು ಮತ್ತೆ ಕುಡಿಯಲು ಅದು ಸದಾ ಕಾದಿರುತ್ತದೆ. ಗಾಳಿಯ ತೇವ ಕುಡಿದ ಪುಡಿಯಲ್ಲಿ ಅಲ್ಲಲ್ಲಿ ಆಗಲೇ ಗಟ್ಟಿಯಾದ ಹರಳುಗಳಿರುತ್ತವೆ. ಕಲಸಿದಾಗ ಒಮ್ಮೆ ಎರಡೇ ನಿಮಿಷಕ್ಕೆ ಗಂಟು ಕಟ್ಟುತ್ತದೆ, ಇನ್ನೊಮ್ಮೆ ಗಂಟೆಯಾದರೂ ಮೊಸರಿನಂತೆಯೇ ಇರುತ್ತದೆ. ಹೇಗೂ ಬಲ ಇರುವುದಿಲ್ಲ. ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ: ಮೈದಾ ಹಿಟ್ಟಿನಂತೆ ನುಣ್ಣಗಿದ್ದರೆ ಸರಿ, ರವೆಯಂತೆ ತರಿತರಿ ಸಿಕ್ಕರೆ ವಾಪಸ್ ಕೊಡಿ. ಮನೆಗೆ ತಂದ ಮೇಲೆ 100 ಮಿಲಿ ನೀರಿಗೆ 150 ಗ್ರಾಂ ಪುಡಿ ಹಾಕಿ ಒಂದು ಲೋಟದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಎಂಟು ಹತ್ತು ನಿಮಿಷ ಹರಿಯುವಂತಿದ್ದು, ಅರ್ಧ ಗಂಟೆಯೊಳಗೆ ಬೆಚ್ಚಗಾಗಿ ಉಗುರು ಇಳಿಯದಷ್ಟು ಗಟ್ಟಿಯಾದರೆ ಆ ಚೀಲವನ್ನು ನಂಬಬಹುದು. ಒಡೆದ ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿದು, ಮಣೆಯ ಮೇಲಿಡಿ.

ಕಲಸುವ ಅಳತೆ ಒಂದು ಲೀಟರ್ ನೀರಿಗೆ ಒಂದೂವರೆ ಕೆಜಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿಯಬಾರದು. ರಂಗೋಲಿ ಉದುರಿಸುವ ಹಾಗೆ ಬೆರಳ ಸಂದಿನಿಂದ ಬಕೆಟ್ಟಿನ ತುಂಬ ಉದುರಿಸುತ್ತ ಹೋಗಿ. ಪುಡಿ ನೀರಿನ ಮೇಲೆ ಪುಟ್ಟ ದಿಬ್ಬವಾಗಿ ನಿಂತಾಗ ನಿಲ್ಲಿಸಿ, ಒಂದೆರಡು ನಿಮಿಷ ನೆನೆಯಲು ಬಿಡಿ. ಆಮೇಲೆ ಕೈಯನ್ನು ತಳಕ್ಕಿಳಿಸಿ, ಮೇಲೆತ್ತದೆ, ನಿಧಾನ ಕದಡಿ. ಮಜ್ಜಿಗೆ ಕಡೆದ ಹಾಗೆ ಕದಡಿದರೆ ಗಾಳಿ ಸೇರಿ ಗುಳ್ಳೆಯಾಗುತ್ತದೆ, ಬೇಗ ಬಿಗಿದೂ ಹೋಗುತ್ತದೆ. ಹಿಂದಿನ ಸಲದ ಚೂರು ಅಂಟಿರುವ ಬಕೆಟ್ಟಿನಿಂದಲೂ ಹಾಗೇ ಆಗುತ್ತದೆ, ಬಿಸಿನೀರಿನಿಂದಲೂ, ಒಂದು ಚಿಟಿಕೆ ಉಪ್ಪಿನಿಂದಲೂ. ಬೋರ್‌ವೆಲ್ಲಿನ ಗಡಸು ನೀರಿಗಿಂತ ಮಳೆನೀರು ಒಳ್ಳೆಯದು. ದೊಡ್ಡ ಅಚ್ಚಿಗೆ ಹೆಚ್ಚು ಸಮಯ ಬೇಕಿದ್ದರೆ ನೀರಿಗೆ ಕೆಲವು ಹನಿ ನಿಂಬೆರಸ ಬಿಡಿ. ಜಾಸ್ತಿಯಾದರೆ ಎರಕ ಪುಡಿಪುಡಿಯಾಗುತ್ತದೆ. ಬಿಗಿಯತೊಡಗಿದ ಪ್ಲಾಸ್ಟರಿಗೆ ಮತ್ತೆ ನೀರು ಹಾಕಿ ಸಡಿಲ ಮಾಡುವುದು ದೊಡ್ಡ ತಪ್ಪು. ಅದು ಒಣಗಿದ ಮೇಲೆ ಸೀಮೆಸುಣ್ಣದಂತೆ ಉದುರುತ್ತದೆ. ಎಸೆದು ಹೊಸದಾಗಿ ಕಲಸಿ.

ಆಳೆತ್ತರದ ಅಳತೆಯ ಒಂದು ಎದೆಮಟ್ಟದ ಪ್ರತಿಮೆಗೆ ಅಚ್ಚು, ಎರಕ ಎರಡಕ್ಕೂ ಸೇರಿ ಸುಮಾರು ಒಂದು ಚೀಲ ಹಿಡಿಯುತ್ತದೆ. ಈ ಪ್ಲಾಸ್ಟರಿನ ಗುಣ ತಿಳಿಯುವುದೇ ಅಲ್ಲಿ. ಅಚ್ಚು ಎರಡು ಭಾಗವಾಗಿ ಬಿಡಿಸಿಕೊಳ್ಳಲೆಂದು, ಮೊದಲು ಮಣ್ಣಿನಲ್ಲಿ ಮಾಡಿಕೊಂಡ ಪ್ರತಿಮೆಯ ನೆತ್ತಿಯಿಂದ ಕಿವಿಯ ಹಿಂದೆ ಹಾದು ಭುಜದವರೆಗೆ ತಗಡಿನ ಚಿಕ್ಕ ಪಟ್ಟಿಗಳನ್ನು ಸಾಲಾಗಿ ಚುಚ್ಚುತ್ತಾರೆ. ಅಚ್ಚಿನ ಮೊದಲ ಪದರಕ್ಕೆ ನೀರಿನಲ್ಲಿ ಸ್ವಲ್ಪ ಕಾವಿ ಕದಡಿ ಪ್ಲಾಸ್ಟರ್ ಕಲಸಿ, ಬೆರಳಿನಿಂದ ಚಿಮ್ಮಿಸಿ 4–5 ಮಿಲಿಮೀಟರ್ ದಪ್ಪ ಕೂರಿಸಬೇಕು. ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಸಂದಿನಲ್ಲಿ ಬಾಯಿಂದ ಊದಿ ಒಳಗೆ ತಳ್ಳಬೇಕು. ಅದರ ಮೇಲೆ ತೆಳುವಾಗಿ ಮಣ್ಣುನೀರು ಸವರಿ, ಬಿಳಿಯ ಎರಡನೇ ಪದರವನ್ನು ಎರಡು ಸೆಂಟಿಮೀಟರ್ ದಪ್ಪ, ತೆಂಗಿನ ನಾರು ಸೇರಿಸಿ ಮೆತ್ತಬೇಕು. ಅಚ್ಚು ಬಿಡಿಸಿ ಮಣ್ಣು ತೆಗೆದ ಮೇಲೆ ಒಳಮೈಗೆ ಬಾರ್ ಸೋಪು ಕುದಿಸಿದ ನೀರನ್ನು ಮೂರು ನಾಲ್ಕು ಸಲ ಹಚ್ಚಿ ಒರೆಸಿ, ಕೊನೆಗೆ ಕೊಬ್ಬರಿ ಎಣ್ಣೆ ಹತ್ತಿಯಲ್ಲಿ ಸವರಬೇಕು. ಎಣ್ಣೆ ಗುಳಿಯಲ್ಲಿ ನಿಂತರೆ ಆ ಜಾಗದ ಗೆರೆಯೆಲ್ಲ ಮಸುಕು.

ಅಚ್ಚಿನ ಎರಡೂ ಭಾಗ ಜೋಡಿಸಿ ಎರಕ ಹೊಯ್ದ ಮಾರನೆಯ ದಿನ ಮೊಂಡು ಉಳಿಯಿಂದ ಅಚ್ಚನ್ನು ಒಡೆಯುತ್ತ ಬರುವಾಗ ಕಾವಿ ಬಣ್ಣ ಕಂಡ ಕೂಡಲೇ ಕೈ ಹಗುರಾಗಬೇಕು. ಅದರಾಚೆಗೆ ಮುಖವಿದೆ. ಸೀಲಿಂಗಿನ ಪಿಒಪಿ ಇಲ್ಲಿ ನಿಜಕ್ಕೂ ಒಳ್ಳೆಯದು: ಮೃದುವಾದ್ದರಿಂದ ಅಚ್ಚು ಸುಲಭವಾಗಿ ಕಳಚುತ್ತದೆ, ಎರಕಕ್ಕೆ ಪೆಟ್ಟಾಗುವುದಿಲ್ಲ. ಎರಕದ ಒಳಗೆ ಮಾತ್ರ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿ ಪಟ್ಟಿ ಮೆತ್ತಲೇಬೇಕು. ಇಲ್ಲದಿದ್ದರೆ ಕುತ್ತಿಗೆಯಲ್ಲಿ ಬಿರುಕು ಖಂಡಿತ.

ತರಗತಿಗೆ ಲೆಕ್ಕ ಸುಲಭ. 15 ಸೆಂಟಿಮೀಟರ್ ಚೌಕ, ಎರಡೂವರೆ ಸೆಂಟಿಮೀಟರ್ ದಪ್ಪದ ಉಬ್ಬುಶಿಲ್ಪಕ್ಕೆ ಅರ್ಧ ಕೆಜಿಗೆ ಚೂರು ಹೆಚ್ಚು ಪುಡಿ, 350 ಮಿಲಿ ನೀರು. 40 ಮಕ್ಕಳಿಗೆ 25 ಕೆಜಿಯ ಒಂದು ಚೀಲ. ಚಪ್ಪಟೆ ಮಾಡಿದ ಕೆರೆಮಣ್ಣಿನ ಹಲಗೆಯಲ್ಲಿ ಹಲಸಿನೆಲೆ, ಬಾಚಣಿಗೆ, ಬೀಗದ ಕೈ ಒತ್ತಲು ಹೇಳಿ, ಸುತ್ತ ಮಣ್ಣಿನ ಗೋಡೆ ಕಟ್ಟಿಸಿ ಹೊಯ್ಯಿರಿ. ಹಸಿ ಮಣ್ಣಿಗೆ ಸೋಪು, ಎಣ್ಣೆ ಏನೂ ಬೇಡ. ಹೆಸರು ಬರೆಯುವ ಮಗುವಿಗೆ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಲು ಮೊದಲೇ ಹೇಳಬೇಕು, ಇಲ್ಲವಾದರೆ ಎರಕದಲ್ಲಿ ಹೆಸರು ತಿರುವುಮುರುವಾಗಿ ಬರುತ್ತದೆ.

ಒಂದು ಎಚ್ಚರ. ಮಕ್ಕಳ ಕೈಯನ್ನು ನೇರವಾಗಿ ಪ್ಲಾಸ್ಟರಿನಲ್ಲಿ ಮುಳುಗಿಸಿ ಅಚ್ಚು ತೆಗೆಯುವುದು ಎಂದೂ ಬೇಡ. ದಪ್ಪಗೆ ಹೊಯ್ದ ಪ್ಲಾಸ್ಟರ್ ಗಟ್ಟಿಯಾಗುವಾಗ 60 ಡಿಗ್ರಿಯವರೆಗೂ ಕಾಯಬಲ್ಲದು, ಕೈ ಹೊರಗೆ ಎಳೆಯಲೂ ಬರುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರ ಕಲಾ ತರಗತಿಯಲ್ಲಿ ಹೀಗೆ ಮಾಡಿದ ಹುಡುಗಿಯೊಬ್ಬಳು ಬೆರಳುಗಳನ್ನೇ ಕಳೆದುಕೊಂಡಳು. ಪುಡಿ ಸುರಿಯುವಾಗ ಮೂಗಿಗೆ ಬಟ್ಟೆ ಕಟ್ಟಿಸಿ. ಕೈ ತೊಳೆದ ನೀರನ್ನು ಸಿಂಕಿಗೆ ಬಿಟ್ಟರೆ ಪೈಪಿನೊಳಗೇ ಕಲ್ಲಾಗುತ್ತದೆ. ಬಕೆಟ್ಟಿನಲ್ಲಿ ತೊಳೆದು, ತಳ ಕಟ್ಟಿದ ಮೇಲೆ ತಿಳಿನೀರನ್ನಷ್ಟೇ ಚೆಲ್ಲಿ.

ಇದು ಸೋಲುವ ಜಾಗಗಳೂ ಇವೆ. ಪದಕ, ನಾಣ್ಯದಂಥ ಸೂಕ್ಷ್ಮ ಗೆರೆಯ ಕೆಲಸಕ್ಕೆ ಮೈ ಮೆತ್ತಗಾಯಿತು, ಅಂಚು ಬೇಗ ಸವೆಯುತ್ತದೆ. ಅದಕ್ಕೆ ಹಲ್ಲಿನ ಡಾಕ್ಟರರು ಬಳಸುವ ಡೆಂಟಲ್ ಸ್ಟೋನ್ ಒಂದೆರಡು ಕೆಜಿ ತರಿಸಿಕೊಳ್ಳಿ. 100 ಗ್ರಾಮಿಗೆ ಸುಮಾರು 30 ಮಿಲಿ ನೀರು ಸಾಕಾಗುವುದರಿಂದ ಅದು ಬಹಳ ಗಟ್ಟಿ, ಬೆಲೆಯೂ ಹಾಗೇ. ಗಣಪತಿಗೆ ಪಿಒಪಿ ಬೇಡವೇ ಬೇಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲೇ ಅದನ್ನು ನಿಷೇಧಿಸಿದೆ. ಕೆರೆಯಲ್ಲಿ ಅದು ಮಣ್ಣಿನಂತೆ ಕರಗುವುದೂ ಇಲ್ಲ.

ಶಾಲೆಯ ಅಂಗಳದಲ್ಲಿ ನಿಲ್ಲಿಸುವ ಗಾಂಧಿಯ ಪ್ರತಿಮೆಗೂ ಇದನ್ನು ಬಳಸಬೇಡಿ. ಗಟ್ಟಿಯಾದ ಪ್ಲಾಸ್ಟರ್ ಲೀಟರ್ ನೀರಿಗೆ ಎರಡು ಗ್ರಾಮಿನಷ್ಟು ಕರಗುತ್ತದೆ. ಕೇಳಲು ಕಡಿಮೆ, ಆದರೆ ಒಂದೆರಡು ಮಳೆಗಾಲಕ್ಕೆ ಕನ್ನಡಕದ ಅಂಚು, ಮೂಗಿನ ತುದಿ ಹೋಗಿಬಿಡುತ್ತವೆ. ಮೇಲೆ ಎನಾಮೆಲ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಹೊರಗಿನ ಕೆಲಸಕ್ಕೆ ಅಚ್ಚನ್ನು ಇದೇ ಪ್ಲಾಸ್ಟರಿನಲ್ಲಿ ತೆಗೆದು, ಎರಕವನ್ನು ಮಾತ್ರ ಬಿಳಿ ಸಿಮೆಂಟು, ಅಮೃತಶಿಲೆಯ ಪುಡಿಯಲ್ಲಿ ಹೊಯ್ದು, ಒಂದು ವಾರ ಒದ್ದೆ ಗೋಣಿ ಹೊದಿಸಿಡಿ.