ಜಿಕೆವಿಕೆ ಕೃಷಿ ಮೇಳ: ಮಳಿಗೆ ಸಾಕು, ತಾಕಿನ ಕಡೆ ನಡೆಯಿರಿ

ಕೃಷಿ ಮೇಳಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಮುದ್ದೆ ಊಟ ಚೆನ್ನಾಗಿತ್ತು, ಟಗರು ಭಾರಿ ಇತ್ತು, ಜನ ಜಾಸ್ತಿ ಅಂತಾರೆ. ಎಲ್ಲವೂ ನಿಜವೇ. ಆದರೆ ಇದನ್ನೆಲ್ಲ ಯಾವ ಜಾತ್ರೆಯ ಬಗ್ಗೆ ಬೇಕಾದರೂ ಹೇಳಬಹುದು. ಬಳ್ಳಾರಿ ರಸ್ತೆಯ ಜಿಕೆವಿಕೆ ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. 1964ರಲ್ಲಿ ಶುರುವಾದದ್ದು. ಒಳಗೆ ಸಾವಿರ ಎಕರೆಗೂ ಜಾಸ್ತಿ ಜಾಗ. ಅಲ್ಲಿ ವರ್ಷವಿಡೀ ಏನೇನು ಸಂಶೋಧನೆ ನಡೆಯುತ್ತದೆ ಅಂತ ನಮ್ಮಂಥವರು ಸುಲಭವಾಗಿ ನೋಡಬಹುದಾದ ದಿನಗಳು ನವೆಂಬರ್‌ನ ಈ ಮೇಳದವು. ಪ್ರವೇಶಕ್ಕೆ ದುಡ್ಡಿಲ್ಲ. ಹಾಗಾಗಿ ನಾನು ಮೇಳವನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ. ಅಲ್ಲಿನ ವಿಜ್ಞಾನ ನನ್ನ ಕೈಗೆ ಎಷ್ಟು ಸಿಕ್ಕಿತು?

ನಾನು ಯಲಹಂಕದವಳು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರ ಕಡೆಯಿಂದ ದೊಡ್ಡಬಳ್ಳಾಪುರದ ಹತ್ತಿರ ಮಳೆ ನಂಬಿದ ಎರಡೂವರೆ ಎಕರೆ ಖುಷ್ಕಿ ಹೊಲ ಇದೆ. ಉಳುಮೆ ಮೈದುನನದು, ಬೀಜ ಗೊಬ್ಬರದ ಲೆಕ್ಕ ನನ್ನದು, ಕೊನೆಯ ಮಾತು ಅತ್ತೆಯದು. ಹಿಂದಿನ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ತಂದ ರಾಗಿ ಬೀಜ ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಕೇಳಿದರೆ ಅಂಗಡಿಯವನು ಮಳೆಯ ಮೇಲೆ ಹಾಕಿ ಕೈತೊಳೆದುಕೊಂಡ. ಪಕ್ಕದ ಹೊಲಕ್ಕೂ ಅದೇ ಮಳೆ ಬಿದ್ದಿತ್ತು, ಅಲ್ಲಿ ಪೈರು ನಳನಳಿಸುತ್ತಿತ್ತು. ಅದಕ್ಕೇ ಈ ಸಲ ಅತ್ತೆಯೂ ಹೊರಟರು. "ಓದಿದವರು ಏನು ಬೆಳೀತಾರೋ ನೋಡೋಣ ನಡಿ" ಅಂದರು.

ಒಳಗೆ ಹೋದ ಕೂಡಲೇ ಸಿಗುವ ಖಾಸಗಿ ಮಳಿಗೆಗಳ ಸಾಲನ್ನು ಬೇಗ ದಾಟಿಬಿಡಿ. ಟ್ರ್ಯಾಕ್ಟರ್, ಪಂಪು, ಡ್ರಿಪ್ ಪೈಪು ಬೇಕಾದವರು ನಿಲ್ಲಲಿ, ತಪ್ಪಿಲ್ಲ. ಆದರೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಯಂತ್ರ, ಸೊಂಟ ನೋವಿನ ಎಣ್ಣೆ, ಯಾವ ಗಿಡಕ್ಕಾದರೂ ಆಗುತ್ತದೆ ಅನ್ನುವ ಟಾನಿಕ್ ಮುಂದೆಯೇ ಜನ ಅರ್ಧ ದಿನ ಕಳೆಯುತ್ತಾರೆ. ಟಾನಿಕ್ ಮಾರುತ್ತಿದ್ದವನನ್ನು "ಇದರಲ್ಲಿ ಏನಿದೆಯಪ್ಪ?" ಅಂತ ಅತ್ತೆ ಕೇಳಿದರು. "ಎಲ್ಲಾ ಇದೆ ಅಜ್ಜಿ" ಅಂದ. ಅತ್ತೆ ಬಾಟಲಿ ಅಲ್ಲೇ ಇಟ್ಟು ಮುಂದೆ ನಡೆದರು.

ನನ್ನ ಮಟ್ಟಿಗೆ ಮೇಳದ ಜೀವಾಳ ಬೆಳೆ ತಾಕುಗಳು. ಸಣ್ಣ ಸಣ್ಣ ಮಡಿ, ಪ್ರತಿಯೊಂದಕ್ಕೂ ತಳಿಯ ಹೆಸರಿನ ಬೋರ್ಡು. ನವೆಂಬರ್‌ನಲ್ಲಿ ರಾಗಿ ಬಲಿತು ನಿಂತಿರುತ್ತದೆ, ಒಂದರ ಪಕ್ಕ ಒಂದನ್ನು ಇಟ್ಟು ನೋಡಬಹುದು. ಜಿಪಿಯು-28ರ ತೆನೆ ಮುಷ್ಟಿ ಬಿಗಿದ ಹಾಗೆ ಇತ್ತು. ಸುಮಾರು 110ರಿಂದ 115 ದಿನದ ತಳಿ, ಕುತ್ತಿಗೆಗೆ ಬರುವ ಬೆಂಕಿ ರೋಗವನ್ನು ತಡೆಯುತ್ತದೆ. ಪಕ್ಕದಲ್ಲಿ ಎಂಎಲ್-365, ಆಮೇಲೆ ಅದಕ್ಕಿಂತ ತಡವಾಗಿ ಬಲಿಯುವ ಎಂಆರ್-6. ಅತ್ತೆ ತೆನೆ ನೋಡಲಿಲ್ಲ, ಬಗ್ಗಿ ಕಡ್ಡಿ ಮುರಿದು ನೋಡಿದರು. ಅವರಿಗೆ ಮೊದಲು ಹುಲ್ಲು. ಎರಡು ಹಸು ಕಟ್ಟಿದ ಮನೆಯಲ್ಲಿ ಕಾಳಿನಷ್ಟೇ ಹುಲ್ಲೂ ಮುಖ್ಯ ತಾನೇ? "ಇದರ ಹುಲ್ಲು ಗಡುಸೇನಪ್ಪ, ಹಸ ತಿನ್ನುತ್ತಾ?" ಅಂತ ಅಲ್ಲಿದ್ದ ಹುಡುಗನನ್ನು ಕೇಳಿದರು. ಅವನು ಪಿಎಚ್‌ಡಿ ಮಾಡುವವನಂತೆ. ಹುಲ್ಲಿನ ಇಳುವರಿಯನ್ನೂ ಬೇರೆಯಾಗಿ ತೂಗಿ ಬರೆದುಕೊಳ್ಳುತ್ತಾರೆ ಅಂತ ಹೇಳಿದ. ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು.

ರಾಗಿಯನ್ನು ಕ್ರಾಸ್ ಮಾಡೋದು, ಅಂದರೆ ಎರಡು ತಳಿ ಬೆರೆಸೋದು ಹೇಗೆ ಅಂತ ನಾನು ಕೇಳಿದೆ. ಇಡೀ ದಿನದಲ್ಲಿ ನನಗೆ ತುಂಬ ಹಿಡಿಸಿದ ಉತ್ತರ ಅದೇ. ರಾಗಿ ಹೂವು ಎಷ್ಟು ಸಣ್ಣದೆಂದರೆ ಅದರೊಳಗಿನ ಗಂಡು ಭಾಗವನ್ನು ಚಿಮಟದಲ್ಲಿ ಕೀಳಲು ಹೋದರೆ ಹೂವೇ ಹಾಳಾಗುತ್ತದೆ. ಜೊತೆಗೆ ಅದು ತನ್ನಲ್ಲೇ ತಾನು ಕಾಳು ಕಟ್ಟಿಕೊಳ್ಳುವ ಜಾತಿ. ಹಾಗಾಗಿ ಹಳಬರು ಒಂದು ಉಪಾಯ ಕಂಡುಕೊಂಡಿದ್ದಾರೆ. ತಾಯಿ ಗಿಡ ಪೂರ್ತಿ ಹಸಿರಿನದು. ತಂದೆ ಗಿಡ ಗೆಣ್ಣಿನಲ್ಲಿ ನೇರಳೆ ಬಣ್ಣ ಇರುವಂಥದ್ದು. ಎರಡೂ ಹೂ ಬಿಡುವ ಹೊತ್ತಿಗೆ ತೆನೆಗೆ ತೆನೆ ಸೇರಿಸಿ ಕಟ್ಟುತ್ತಾರೆ. ತಾಯಿ ತೆನೆಯ ಕಾಳನ್ನು ಬಿತ್ತುತ್ತಾರೆ. ಹುಟ್ಟಿದ ಪೈರಿನಲ್ಲಿ ಯಾವುದರ ಗೆಣ್ಣು ನೇರಳೆ ಬಂತೋ ಅದು ಕ್ರಾಸ್ ಆಗಿದೆ ಅಂತ ಲೆಕ್ಕ. ಉಳಿದದ್ದನ್ನು ಕಿತ್ತು ಹಾಕುವುದು. ಹುಡುಗ ಎರಡು ಒಣ ತೆನೆಗಳನ್ನು ದಾರದಲ್ಲಿ ಕಟ್ಟಿ ತೋರಿಸಿದ. "ಇಷ್ಟೊಂದು ಪೈರಲ್ಲಿ ಬೆರಳೆಣಿಕೆ ಸಿಗುತ್ತೆ ಅನ್ನು" ಅಂದರು ಅತ್ತೆ. "ಅದಕ್ಕೇ ಅಜ್ಜಿ, ನಮ್ಮ ಪಿಎಚ್‌ಡಿ ಮುಗಿಯೋದು ತಡ" ಅಂತ ನಕ್ಕ.

ಇಂಥ ತಾಳ್ಮೆಯ ಕೆಲಸದಿಂದಲೇ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ತಂದದ್ದು. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಈಗಿನ ಹುಡುಗರಿಗೆ ಅವರ ಹೆಸರು ಗೊತ್ತಿಲ್ಲದಿರಬಹುದು. ಅತ್ತೆಗೆ ಮಾತ್ರ ಇಂಡಾಫ್ ಅಂದ ಕೂಡಲೇ ತವರು ಮನೆಯ ಕಣ ನೆನಪಾಯಿತು. ಆಮೇಲೆ ಅರ್ಧ ಗಂಟೆ ಬೇರೆ ಮಾತಿಲ್ಲ.

ಅವರೆ ತಾಕಿನಲ್ಲಿ ಸ್ವಲ್ಪ ಜಗಳವೇ ಆಯಿತು ಅನ್ನಿ. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾಗುವ ಕಾಲಕ್ಕೆ. ಅದಕ್ಕೇ ಚಳಿ ಬಂದಾಗಲೇ ಅವರೆಕಾಯಿ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಯಾವ ತಿಂಗಳು ಬಿತ್ತಿದರೂ ಕಾಯಿ ಬಿಡುತ್ತವೆ. ಬಳ್ಳಿಯಾಗಿ ಹರಡುವುದೂ ಇಲ್ಲ, ಗಿಡ್ಡ ಪೊದೆಯಾಗಿ ನಿಲ್ಲುತ್ತವೆ. ಮೇ ತಿಂಗಳಲ್ಲೂ ಮಾರುಕಟ್ಟೆಯಲ್ಲಿ ಅವರೆಕಾಯಿ ಕಾಣಲು ಕಾರಣ ಇದೇ. ಅತ್ತೆ ಒಂದು ಕಾಯಿ ಕಿತ್ತು ಮೂಗಿಗೆ ಹಿಡಿದರು. "ಬೇಸಿಗೇಲಿ ಬರೋದೇನೋ ಸರಿ, ಸೊಗಡು ಎಲ್ಲಿ?" ಅಂತ ಶುರು ಮಾಡಿದರು.

ತಾಕಿನ ಹತ್ತಿರ ಇದ್ದ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಸೊಗಡು ಬರುವುದು ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿನಿಂದ, ಅದರಲ್ಲಿ ಕೆಲವು ಕೊಬ್ಬಿನಾಮ್ಲಗಳು ಇವೆ ಅಂತ ವಿವರಿಸಿದರು. ಅವರೆ ಬಿಡಿಸಿದ ಮೇಲೆ ಬೆರಳು ಅಂಟಂಟಾಗಿ, ಸೋಪು ಹಾಕಿದರೂ ವಾಸನೆ ಹೋಗುವುದಿಲ್ಲ ಅಲ್ವಾ? ಅದೇ ಜಿಡ್ಡು. ಸೊಗಡಿನ ಮೇಲೂ ಸಂಶೋಧನೆ ನಡೆದಿದೆ ಅಂತ ಗೊತ್ತಾಗಿ ನನಗೆ ಖುಷಿಯಾಯಿತು. ಇಳುವರಿ ಎಷ್ಟು ಕ್ವಿಂಟಲ್ ಅನ್ನುವುದೊಂದೇ ವಿಜ್ಞಾನ ಅಂದುಕೊಂಡಿದ್ದ ಅತ್ತೆ "ಮೂಗಿಗೂ ಲೆಕ್ಕ ಇಟ್ಟಿದಾರೆ" ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಹಾಗಂತ ಒಪ್ಪಿಬಿಟ್ಟರು ಅಂದುಕೊಳ್ಳಬೇಡಿ. ಹಿತಕವರೆ ಸಾರಿಗೆ ನಾಟಿ ಕಾಯಿಯೇ ಆಗಬೇಕು ಅನ್ನುವುದರಲ್ಲಿ ಬದಲಾವಣೆ ಇಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಜೇನಿನ ಮಳಿಗೆಯಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಕೋಲುಜೇನು, ಹೆಜ್ಜೇನು ಎಲ್ಲದರ ಪರಿಚಯ ಇದೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ನಮ್ಮ ಕಡೆ ಬಹುಪಾಲು ತುಡುವೆ ಪೆಟ್ಟಿಗೆಗಳು ಖಾಲಿಯಾಗಿದ್ದವು. ಮರಿಹುಳು ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇಲ್ಲಿ ನಿಲ್ಲಿಸಿ. ಎರೆಹುಳುವಿನ ತೊಟ್ಟಿಯನ್ನೂ ತೋರಿಸಿ. ಎರೆಗೊಬ್ಬರ ಇವತ್ತು ಮನೆಮಾತಾಗಿದೆ, ಅದರ ಹಿಂದೆ ಇದೇ ವಿಶ್ವವಿದ್ಯಾಲಯದ ರಾಧಾ ಕಾಳೆಯವರಂಥವರ ಕೆಲಸ ಇದೆ. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೂಡ ಇಲ್ಲಿನದೇ, 1980ರದು. ಹೊಂಗೆ, ಬೇವು, ಹಿಪ್ಪೆ ಬೀಜದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಕೆಲಸವನ್ನು ಹಾಸನದ ಹತ್ತಿರ ಮಾದೇನೂರಿನಲ್ಲಿ ನಡೆಸಿದವರೂ ಇವರೇ. ಹಲಸಿನಲ್ಲಿ ಲಾಲ್‌ಬಾಗ್ ಮಧುರ, ಭೈರಚಂದ್ರ ಅಂತ ತಳಿಗಳಿವೆ. ನಮ್ಮಲ್ಲಿ ಜಾಗ ಇಲ್ಲ, ಹಾಗಾಗಿ ನಾನು ಜಾಸ್ತಿ ವಿಚಾರಿಸಲಿಲ್ಲ.

ಏರೋಬಿಕ್ ಭತ್ತದ ಮುಂದೆ ಮಾತ್ರ ನಿಂತೆ. ಕೆಸರು ಮಾಡದೆ, ಗದ್ದೆಯಲ್ಲಿ ನೀರು ನಿಲ್ಲಿಸದೆ, ರಾಗಿಯ ಹಾಗೆ ಒಣ ಮಣ್ಣಿಗೆ ಬೀಜ ಬಿತ್ತಿ ಬೆಳೆಯುವ ಭತ್ತ. ಶಾರದಾ ಅನ್ನುವ ತಳಿ 2007ರಲ್ಲಿ ಬಂತು. ಶೈಲಜಾ ಹಿಟ್ಟಲಮನಿಯವರ ತಂಡದ್ದು. ಕೊಳವೆಬಾವಿ ನೀರಿಗೆ ಒದ್ದಾಡುವ ನಮ್ಮ ಕಡೆಯವರು ಇದನ್ನು ಇನ್ನೂ ಜಾಸ್ತಿ ಕೇಳಬೇಕಿತ್ತು. ಅಲ್ಲಿ ಇದ್ದದ್ದು ಬೆರಳೆಣಿಕೆಯ ಜನ. ಟಗರಿನ ಮುಂದೆ ಇರುವೆ ನುಸುಳಲೂ ಜಾಗವಿರಲಿಲ್ಲ.

ಯಾವ ಗಿಡ ನೀರನ್ನು ಜಿಪುಣನ ಹಾಗೆ ಬಳಸುತ್ತದೆ ಅಂತ ಕಂಡುಹಿಡಿಯಲು ಇನ್ನೊಂದು ವಿಭಾಗ ಇದೆ. ಗಾಳಿಯಲ್ಲಿರುವ ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತುಸು ಭಾರವಾದದ್ದು. ಎಲೆ ಆರಾಮಾಗಿ ಉಸಿರಾಡುವಾಗ ಹಗುರದ್ದನ್ನೇ ಆರಿಸಿಕೊಳ್ಳುತ್ತದೆ. ನೀರು ಉಳಿಸಲು ಎಲೆಯ ರಂಧ್ರ ಮುಚ್ಚಿಕೊಂಡಾಗ ಆರಿಸುವ ಸೌಕರ್ಯ ಇರುವುದಿಲ್ಲ, ಭಾರದ್ದೂ ಸ್ವಲ್ಪ ಜಾಸ್ತಿ ಒಳಗೆ ಸೇರುತ್ತದೆ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಯಂತ್ರಕ್ಕೆ ಹಾಕಿ ಈ ಲೆಕ್ಕ ತೆಗೆಯುತ್ತಾರೆ. ಒಣ ಎಲೆ ನೋಡಿ ಆ ಗಿಡ ನೀರನ್ನು ಹೇಗೆ ಬಳಸಿತ್ತು ಅಂತ ಹೇಳಬಹುದು! ವಿವರಿಸಿದ ಹುಡುಗಿ ನಾನು ಎರಡನೇ ಸಲ ಕೇಳಿದಾಗಲೂ "ಇರಲಿ ಅಕ್ಕ, ಮೊದಲಿಂದ ಹೇಳ್ತೀನಿ" ಅಂದಳು. ಈ ಮೇಳಕ್ಕೆ ನಾನು ಅಂಕ ಕೊಡುವುದು ಇಂಥವರ ಲೆಕ್ಕದಲ್ಲಿ. ಕೆಲಸ ಮಾಡುವವರೇ ಎದುರಿಗೆ ನಿಂತು ಉತ್ತರ ಕೊಡುತ್ತಾರೆ.

ನಮ್ಮ ಹೊಲಕ್ಕೆ ಲಾಭ ಆಗಿದ್ದು ಒಣ ಬೇಸಾಯದವರ ಮಳಿಗೆಯಲ್ಲಿ. ನೋಡಲು ಏನೂ ಇಲ್ಲ, ಒಂದು ಚಾರ್ಟು, ಒಂದಷ್ಟು ಮಣ್ಣು. ಆದರೆ ಆ ಚಾರ್ಟಿನ ಹಿಂದೆ 1978ರಿಂದ ನಡೆಯುತ್ತಿರುವ ಒಂದು ಪ್ರಯೋಗ ಇದೆ. ಅದೇ ನೆಲದಲ್ಲಿ ಪ್ರತಿ ವರ್ಷ ಮಳೆಯಾಶ್ರಯದ ರಾಗಿ. ಒಂದು ಮಡಿಗೆ ಏನೂ ಇಲ್ಲ. ಒಂದಕ್ಕೆ ರಾಸಾಯನಿಕ ಗೊಬ್ಬರ ಮಾತ್ರ. ಒಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ. ಇನ್ನೊಂದಕ್ಕೆ ಎರಡೂ. ಬರೀ ರಾಸಾಯನಿಕ ಹಾಕಿದ ಮಡಿಯ ಇಳುವರಿ ವರ್ಷ ಕಳೆದಂತೆ ಇಳಿಯುತ್ತಾ ಬಂತು. ಎರಡನ್ನೂ ಸೇರಿಸಿ ಹಾಕಿದ ಮಡಿ ಗಟ್ಟಿಯಾಗಿ ನಿಂತಿದೆ. ನಮ್ಮ ಮನೆಯಲ್ಲಿ ಅತ್ತೆ ಗೊಬ್ಬರ ಗುಂಡಿ ಅಂತಾರೆ, ಮೈದುನ ಯೂರಿಯಾ ಮೂಟೆ ಅಂತಾನೆ. ಪ್ರತಿ ಮುಂಗಾರಿಗೂ ಇದೇ ರಾಮಾಯಣ. ಚಾರ್ಟಿನ ಫೋಟೋ ತೆಗೆದು ಮೈದುನನಿಗೆ ಕಳಿಸಿದೆ. "ಇಬ್ಬರೂ ಗೆದ್ದಿದೀರ" ಅಂತ ಬರೆದೆ. ಅವನು "ಗೊಬ್ಬರ ಹೊರೋರು ಯಾರು ಅತ್ತಿಗೆ?" ಅಂತ ಉತ್ತರ ಹಾಕಿದ. ಅದೂ ಸರಿಯೇ. ಎಕರೆಗೆ 4 ಟನ್ ಅಂದರೆ ಎರಡು ಹಸುವಿನ ಕೊಟ್ಟಿಗೆಯಿಂದ ಎರಡೂವರೆ ಎಕರೆಗೂ ಸಾಲಿಸುವುದು ಕಷ್ಟ. ಅದನ್ನು ಅಲ್ಲಿದ್ದ ಸರ್‌ಗೆ ಹೇಳಿದೆ. ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸಿ, ಬದುವಿನ ಮೇಲೆ ಗೊಬ್ಬರದ ಗಿಡ ಹಾಕಿ ಅಂದರು.

ಅದೇ ಸರ್ ಅಕ್ಕಡಿಯ ಬಗ್ಗೆ, ಅಂದರೆ ಮುಖ್ಯ ಬೆಳೆಯ ನಡುವೆ ಇನ್ನೊಂದು ಬೆಳೆಯ ಸಾಲು ಹಾಕುವ ಬಗ್ಗೆಯೂ ಹೇಳಿದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನುವುದು ಅವರ ಶಿಫಾರಸು. "ನಮ್ಮಪ್ಪ ಎಣಿಸ್ತಿರಲಿಲ್ಲ ಸ್ವಾಮಿ, ಆದರೂ ಅಕ್ಕಡಿ ಹಾಕ್ತಿದ್ರು" ಅಂದರು ಅತ್ತೆ. "ನಿಮ್ಮಪ್ಪನವರಂಥವರಿಂದಲೇ ನಾವು ಕಲಿತಿದ್ದು, ಎಣಿಸಿದ್ದಷ್ಟೇ ನಮ್ಮ ಕೆಲಸ" ಅಂದರು ಅವರು. ಅತ್ತೆಗೆ ಇಂಥ ಮಾತು ಬೇಕಾಗಿತ್ತು.

ಊಟ? ಮುದ್ದೆ, ಸಾರು, ಹೊಟ್ಟೆ ತುಂಬ. ಸಾಲು ಉದ್ದ ಆಗುವ ಮೊದಲೇ ಹೋಗಿ.

ಯಾರಿಗೆ ಹೇಳಿ ಮಾಡಿಸಿದ್ದು ಈ ಮೇಳ? ಹೊಲ ಇದ್ದವರಿಗಂತೂ ಕಣ್ಣು ಮುಚ್ಚಿ ಹೋಗಿ ಅಂತೀನಿ. ಪಿಯುಸಿಯಲ್ಲಿ ಬಯಾಲಜಿ ಓದುವ ಮಕ್ಕಳಿದ್ದರೆ ಕಳಿಸಿ, ಪುಸ್ತಕದಲ್ಲಿ ಓದಿದ್ದು ಮಣ್ಣಲ್ಲಿ ಕಾಣುತ್ತದೆ. ಸುಮ್ನೆ ಸುತ್ತಾಡೋಕೆ ಅಂತ ಹೋಗುವವರು ಭಾನುವಾರ ಬಿಟ್ಟು ಬೇರೆ ದಿನ ನೋಡಿ. ಟೋಪಿ, ನೀರಿನ ಬಾಟಲಿ, ಗಟ್ಟಿ ಚಪ್ಪಲಿ ಬೇಕೇ ಬೇಕು, ನಡೆಯುವುದು ಬಹಳ. ನಿಮ್ಮ ಹೊಲದ ರೋಗ ಬಿದ್ದ ಎಲೆಯನ್ನೋ ಕಾಯಿಯನ್ನೋ ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸಿದರೆ ಸರಿಯಾದ ಉತ್ತರ ಸಿಗುತ್ತದೆ.

ಬೀಜದ ಮಳಿಗೆಗೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ನಾವು ಹೆಬ್ಬಾಳ ಅವರೆ-4 ತಂದೆವು, ಮನೆ ಹಿಂದಿನ ಜಾಗಕ್ಕೆ. ರಾಗಿ ಬೀಜ ತರಲಿಲ್ಲ. ಈಗ ಕೊಂಡು ಜುಲೈ ತನಕ ಮನೆಯಲ್ಲಿ ಇಡುವುದಕ್ಕಿಂತ ಮುಂಗಾರಿನ ಹೊತ್ತಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ದರದಲ್ಲಿ ತೆಗೆದುಕೊಳ್ಳಿ ಅಂತ ಮಳಿಗೆಯವರೇ ಹೇಳಿದರು. ಮಾರುವ ಜಾಗದಲ್ಲಿ ನಿಂತು "ಈಗ ಬೇಡ" ಅನ್ನುವವರನ್ನು ನಾನು ಬಟ್ಟೆ ಅಂಗಡಿಯಲ್ಲಿ ಕಂಡಿಲ್ಲ. ಎಲ್ಲಿ ಕೊಂಡರೂ ಚೀಲದ ಮೇಲಿನ ಚೀಟಿ ನೋಡಿ. ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು, ಲಾಟ್ ನಂಬರ್ ಇರಬೇಕು. ಚೀಟಿಯನ್ನೂ ರಸೀದಿಯನ್ನೂ ಬೆಳೆ ಕುಯ್ಯುವ ತನಕ ಬಿಸಾಡಬೇಡಿ.