ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಆ ಪುಡಿಯನ್ನು ದಯವಿಟ್ಟು ತರಬೇಡಿ

ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ, ಕುಡಿತ ತಾನಾಗೇ ಬಿಟ್ಟುಹೋಗುತ್ತೆ ಅಂತ ಹೇಳಿ ಮಾರುವ ಪುಡಿ ಇದೆಯಲ್ಲ, ಅದನ್ನು ಯಾರೂ ಮನೆಗೆ ತರಬೇಡಿ. ನಮ್ಮಣ್ಣನ ಜೀವ ಹೋಗುವುದರಲ್ಲಿತ್ತು.

ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ ಅತ್ತಿಗೆ ತರಿಸಿದ್ದರು. ವರ್ಷಗಟ್ಟಲೆ ಆ ಕುಡಿತದ ಜೊತೆ ಏಗಿದವರು, ಅವರನ್ನು ನಾನು ದೂರುವುದಿಲ್ಲ. ದೂರುವುದು ಮಾರಿದವನನ್ನು. ಪೊಟ್ಟಣದ ಮೇಲೆ ಒಳಗೆ ಏನಿದೆ ಅಂತಲೇ ಬರೆದಿರಲಿಲ್ಲ, ಗಿಡಮೂಲಿಕೆ ಅಂತಷ್ಟೇ ಇತ್ತು. ಸಂಜೆ ಅಣ್ಣ ಎಂದಿನಂತೆ ಕುಡಿದು ಬಂದ. ಮುಖ, ಕತ್ತು ಕೆಂಪಗಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿ ಮೇಲೆ ವಾಂತಿಯಾಗಿ, ಬಿಪಿ ಕುಸಿದು ಐಸಿಯುಗೆ ಸೇರಿಸಬೇಕಾಯ್ತು. ಲಕ್ಷಣ ನೋಡಿದ ಡಾಕ್ಟರ್, ಇದರಲ್ಲಿ ಡೈಸಲ್ಫಿರಾಂ ಇರಬೇಕು ಅಂದರು.

ಈ ಔಷಧಿ ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಕುಡಿದ ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತೆ, ಮಾಮೂಲಾಗಿ ಲಿವರ್ ಅದನ್ನು ಬೇಗ ಕರಗಿಸುತ್ತೆ, ಇದು ಆ ಕೆಲಸವನ್ನೇ ತಡೆದುಬಿಡುತ್ತೆ, ವಿಷ ಮೈಯಲ್ಲೇ ಉಳಿದು ಹೀಗೆಲ್ಲ ಆಗುತ್ತೆ. ಡಾಕ್ಟರುಗಳೂ ಬರೆದುಕೊಡುತ್ತಾರೆ, ಆದರೆ ರೋಗಿ ಒಪ್ಪಿದರೆ ಮಾತ್ರ, ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲೆ. ಹಾರ್ಟ್ ತೊಂದರೆ ಇದ್ದವರಿಗಂತೂ ತುಂಬಾ ಅಪಾಯ. ಅಣ್ಣನಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ ಅಲ್ವಾ!

ಆಸೆಯನ್ನೇ ತಗ್ಗಿಸುವ ಮಾತ್ರೆಗಳು ಬೇರೆ ಇವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ಅಣ್ಣನಿಗೆ ಆಮೇಲೆ ಲಿವರ್ ಟೆಸ್ಟ್ ಮಾಡಿಸಿ ಬರೆದುಕೊಟ್ಟಿದ್ದು ದಿನಕ್ಕೊಂದು 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್. ಕುಡಿದಾಗ ಸಿಗುವ ಮಜಾ ಕಡಿಮೆಯಾಗಿ, ಬೇಕು ಬೇಕು ಅನ್ನಿಸುವುದೂ ನಿಧಾನಕ್ಕೆ ಇಳಿಯುತ್ತೆ. ಇದನ್ನೂ ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗುವಂತಿಲ್ಲ. ಟ್ರಮಡಾಲ್‌ನಂಥ, ಅಫೀಮಿನ ಜಾತಿಯ ನೋವಿನ ಮಾತ್ರೆ ತಗೊಳ್ಳುವವರಿಗೆ ಇದು ಆಗದು. ಅಕಾಂಪ್ರೊಸೇಟ್ ಕೊಡುವ ಮೊದಲು ಕಿಡ್ನಿ ನೋಡಬೇಕು. ಜಾಸ್ತಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲೂ ಹೋಗಬೇಡಿ, ಫಿಟ್ಸ್ ಬರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕೇಳಬಹುದು. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.

ಈಗಾಗಲೇ ಯಾರಾದರೂ ಆ ಪುಡಿ ಬೆರೆಸಿದ್ದರೆ, ಜಗಳವಾದರೂ ಸರಿ, ಇವತ್ತೇ ಅವರಿಗೆ ಹೇಳಿಬಿಡಿ. ಡೈಸಲ್ಫಿರಾಂ ಪರಿಣಾಮ ಎರಡು ವಾರದವರೆಗೂ ಉಳಿಯಬಹುದು, ಅಷ್ಟರಲ್ಲಿ ಒಂದು ಗುಟುಕೂ ಬೇಡ, ಮದ್ಯದ ಅಂಶವಿರುವ ಕೆಮ್ಮಿನ ಸಿರಪ್, ಆಯುರ್ವೇದದ ಅರಿಷ್ಟ ಕೂಡ ಬೇಡ. ಜಾಸ್ತಿ ಕುಡಿಯುವವರಾದರೆ ಒಮ್ಮೆಲೇ ನಿಂತಾಗ ಫಿಟ್ಸ್ ಬರಬಹುದು ಅಂದೆನಲ್ಲ, ಅದಕ್ಕೇ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪೊಟ್ಟಣ ಜೊತೆಗಿರಲಿ.